ಟ್ರ್ಯಾಕರೋ, ದೊಡ್ಡ ಮೌಂಟೋ, ಸ್ಮಾರ್ಟ್ ಟೆಲಿಸ್ಕೋಪೋ? ನಮ್ಮ ಆಕಾಶಕ್ಕೆ ಹೊಂದುವ ಡೀಪ್‌ಸ್ಕೈ ಸೆಟ್ ಆರಿಸುವ ಬಗೆ

ನೀಹಾರಿಕೆ, ಗ್ಯಾಲಕ್ಸಿಗಳ ಫೋಟೋ ತೆಗೆಯಬೇಕು ಅಂತ ಹೊರಟವರು ಮೊದಲು ಕೇಳುವುದು ಒಂದೇ ಪ್ರಶ್ನೆ: ಯಾವ ಟೆಲಿಸ್ಕೋಪ್ ತಗೊಳ್ಳಲಿ? ನಾನು ತಿರುಗಿ ಮೂರು ಪ್ರಶ್ನೆ ಕೇಳುತ್ತೇನೆ. ಎಲ್ಲಿಂದ ತೆಗೆಯುತ್ತೀರಿ? ಸಾಮಾನನ್ನು ಎಷ್ಟು ಮಹಡಿ ಹತ್ತಿಸಬೇಕು? ಮರುದಿನ ಬೆಳಗ್ಗೆ ಕೆಲಸಕ್ಕೆ ಹೋಗಬೇಕಾ? ಯಾಕೆಂದರೆ ಈ ಹವ್ಯಾಸದಲ್ಲಿ ಚಿತ್ರದ ಗುಣವನ್ನು ತೀರ್ಮಾನಿಸುವುದು ನೀವು ಕೂಡಿಸಿದ ಗಂಟೆಗಳು. ವರ್ಷದಲ್ಲಿ ನಿಮ್ಮ ಕೈಗೆ ಜಾಸ್ತಿ ಗಂಟೆಗಳ ಒಳ್ಳೆಯ ಬೆಳಕು ತಂದುಕೊಡುವ ಸೆಟ್ಟೇ ನಿಮಗೆ ಒಳ್ಳೆಯ ಸೆಟ್. ಮುಂದಿನ ಹೋಲಿಕೆಗಳನ್ನೆಲ್ಲ ಈ ಒಂದೇ ಅಳತೆಯಲ್ಲಿ ಮಾಡುತ್ತೇನೆ.

ಗಂಟೆಯ ಲೆಕ್ಕ

ಮಹಾವ್ಯಾಧನ (ಓರಿಯನ್) ನೀಹಾರಿಕೆ, ಅಂದರೆ ಎಂ42, ಅದರ ಒಂದು 30 ಸೆಕೆಂಡಿನ ಫ್ರೇಮನ್ನು, ಅಂದರೆ ಒಂದೇ ಫೋಟೋವನ್ನು, ಪೂರ್ತಿ ಹಿಗ್ಗಿಸಿ ನೋಡಿ. ನಡುಭಾಗ ಬೆಳ್ಳಗೆ ಹೊಳೆಯುತ್ತದೆ. ರೆಕ್ಕೆಗಳ ತುದಿಗೆ ಹೋದಂತೆ ಬಣ್ಣ ಸತ್ತುಹೋಗಿ ಬರೀ ಮರಳು ಚೆಲ್ಲಿದ ಹಾಗೆ ಚುಕ್ಕಿಗಳು. ಅದೇ ನಾಯ್ಸ್. ಅಂಥ 4 ಫ್ರೇಮ್ ಕೂಡಿಸಿದರೆ ನಾಯ್ಸಿಗೆ ಹೋಲಿಸಿದಾಗ ಸಿಗ್ನಲ್, ಅಂದರೆ ವಸ್ತುವಿನ ನಿಜವಾದ ಬೆಳಕು, 2 ಪಟ್ಟು ಸ್ವಚ್ಛವಾಗುತ್ತದೆ. 16 ಕೂಡಿಸಿದರೆ 4 ಪಟ್ಟು, 100 ಕೂಡಿಸಿದರೆ 10 ಪಟ್ಟು. ಶುರುವಿನಲ್ಲಿ ಲಾಭ ಬೇಗ ಬೇಗ ಕಾಣುತ್ತದೆ, ಆಮೇಲೆ ನಿಧಾನವಾಗುತ್ತದೆ. ಒಂದು ಗಂಟೆಯ ಚಿತ್ರವನ್ನು ಕಣ್ಣಿಗೆ ಕಾಣುವಷ್ಟು ಸುಧಾರಿಸಬೇಕಾದರೆ ಇನ್ನರ್ಧ ಗಂಟೆ ಸಾಲದು. ಇನ್ನೂ ಮೂರು ಗಂಟೆ ಬೇಕು.

ಇದಕ್ಕೆ ಆಕಾಶದ ಬೆಳಕನ್ನೂ ಸೇರಿಸಿ. ಬೆಂಗಳೂರಿನ ನಡುಮಧ್ಯದ ಆಕಾಶಕ್ಕೂ ಹಳ್ಳಿಯ ಒಳ್ಳೆಯ ಕತ್ತಲೆಗೂ ಸುಮಾರು 3 ಮ್ಯಾಗ್ನಿಟ್ಯೂಡ್ (ಆಕಾಶದ ಹೊಳಪನ್ನು ಅಳೆಯುವ ಮಾನ) ವ್ಯತ್ಯಾಸ ಇರುತ್ತದೆ ಅಂದುಕೊಳ್ಳಿ. ಅಂದರೆ ನಗರದ ಆಕಾಶ ಸುಮಾರು 16 ಪಟ್ಟು ಜಾಸ್ತಿ ಬೆಳಗಿರುತ್ತದೆ. ಮಸುಕಾದ ಗ್ಯಾಲಕ್ಸಿಯೊಂದನ್ನು ಹಳ್ಳಿಯಲ್ಲಿ 1 ಗಂಟೆ ತೆಗೆದರೆ ಸಿಗುವ ಗುಣಕ್ಕೆ ನಗರದಲ್ಲಿ 16 ಗಂಟೆ ಹತ್ತಿರ ಬೇಕು. ಅಷ್ಟು ತೆಗೆದರೂ ಬೀದಿದೀಪದ ಬೆಳಕು ಚಿತ್ರದ ಒಂದು ಮೂಲೆಯಿಂದ ಇನ್ನೊಂದಕ್ಕೆ ಏರಿಳಿಯುವುದನ್ನು ಸಾಫ್ಟ್‌ವೇರಿನಲ್ಲಿ ತೆಗೆಯುವ ಕೆಲಸ ಉಳಿದೇ ಇರುತ್ತದೆ. ಸಂತೆಯ ಗದ್ದಲದಲ್ಲಿ ಮೆಲ್ಲಗೆ ಮಾತಾಡುವವರ ದನಿ ಕೇಳಿಸಿಕೊಳ್ಳುವ ಹಾಗೆ: ಅವರ ದನಿ ಅಷ್ಟೇ ಇದೆ, ಸುತ್ತಲಿನ ಸದ್ದು ಮಾತ್ರ ಜಾಸ್ತಿ.

ಇನ್ನು ನಮ್ಮ ಹವಾಮಾನ. ಜೂನ್‌ನಿಂದ ಸೆಪ್ಟೆಂಬರ್ ಮಳೆಗೆ ಹೋಯಿತು. ಅಕ್ಟೋಬರ್ ನಂಬುವ ಹಾಗಿಲ್ಲ. ಉಳಿದದ್ದು ನವೆಂಬರ್ ಕೊನೆಯಿಂದ ಏಪ್ರಿಲ್‌ವರೆಗೆ, ಅದರಲ್ಲೂ ಹುಣ್ಣಿಮೆಯ ಅಕ್ಕಪಕ್ಕದ ರಾತ್ರಿಗಳನ್ನು ಕಳೆಯಬೇಕು. ಆದರೆ ನಮ್ಮ ಪಂಚಾಂಗ ಒಂದು ಉಪಕಾರ ಮಾಡಿದೆ. ಶಿವರಾತ್ರಿ ಅಮಾವಾಸ್ಯೆಗೆ ಹಿಂದಿನ ರಾತ್ರಿ. ಯುಗಾದಿ ಅಮಾವಾಸ್ಯೆಯ ಮರುದಿನ. ಎರಡಕ್ಕೂ ಎಷ್ಟೋ ಜನ ಊರಿಗೆ ಹೋಗುತ್ತಾರೆ, ಎರಡೂ ಮಳೆಯಿಲ್ಲದ ಕಾಲ. ದೀಪಾವಳಿಯೂ ಅಮಾವಾಸ್ಯೆಗೇ ಬರುತ್ತದೆ, ಆದರೆ ಪಟಾಕಿ ಹೊಗೆ ಮತ್ತು ಮೋಡ ಎರಡೂ ಕಾಡುತ್ತವೆ. ಊರಿನ ಮನೆಯ ಅಂಗಳಕ್ಕೆ ಬಸ್ಸಿನಲ್ಲಿ ಒಯ್ಯಬಹುದಾದ ಸೆಟ್ ಇದ್ದರೆ ಈ ರಾತ್ರಿಗಳು ನಿಮ್ಮವು. ಕಾರಿನ ಡಿಕ್ಕಿ ತುಂಬುವ ಸೆಟ್ ಆದರೆ ಅದು ಹಬ್ಬದ ದಿನ ಬೆಂಗಳೂರಿನಲ್ಲೇ ಉಳಿಯುತ್ತದೆ.

ಕಾಲ ಕೆಳಗಿನದು ಮೊದಲು

ಭೂಮಿ ತಿರುಗುವುದರಿಂದ ನಕ್ಷತ್ರಗಳು ಸೆಕೆಂಡಿಗೆ 15 ಆರ್ಕ್‌ಸೆಕೆಂಡ್ (ಡಿಗ್ರಿಯ 3600ನೇ ಒಂದು ಭಾಗ ಒಂದು ಆರ್ಕ್‌ಸೆಕೆಂಡ್) ಸರಿಯುತ್ತವೆ. ಇದನ್ನು ಸರಿದೂಗಿಸುವುದು ಮೌಂಟ್, ಅಂದರೆ ಕ್ಯಾಮೆರಾ, ಟೆಲಿಸ್ಕೋಪನ್ನು ಹೊತ್ತು ತಿರುಗಿಸುವ ಸಾಧನ. ದುಡ್ಡಿನ ಅರ್ಧದಷ್ಟು ಇದಕ್ಕೇ ಹೋಗಲಿ ಅಂತ ಹಳಬರು ಹೇಳುವುದು ಸುಮ್ನೆ ಅಲ್ಲ. ಸಾಧಾರಣ ಲೆನ್ಸನ್ನು ಒಳ್ಳೆಯ ಮೌಂಟಿನ ಮೇಲಿಟ್ಟರೆ ಚಂದದ ಚಿತ್ರ ಬರುತ್ತದೆ. ದುಬಾರಿ ಟೆಲಿಸ್ಕೋಪನ್ನು ಅಲ್ಲಾಡುವ ಮೌಂಟಿನ ಮೇಲಿಟ್ಟರೆ ಉದ್ದುದ್ದ ನಕ್ಷತ್ರಗಳು ಬರುತ್ತವೆ. ಈಗ ನಮ್ಮ ಮುಂದೆ ನಾಲ್ಕು ದಾರಿಗಳಿವೆ.

ಮೊದಲನೆಯದು ಟ್ರ್ಯಾಕರ್, ಕ್ಯಾಮೆರಾ ಮತ್ತು ಲೆನ್ಸಿಗೆ ಸಾಕಾಗುವ ಸಣ್ಣ ಮೌಂಟ್. ಸ್ಕೈವಾಚರ್ ಸ್ಟಾರ್ ಅಡ್ವೆಂಚರರ್, ಐಆಪ್ಟ್ರಾನ್ ಸ್ಕೈಗೈಡರ್ ಪ್ರೊ ಈ ಜಾತಿಯವು. ಎರಡೂ 5 ಕಿಲೋವರೆಗೆ ಹೊರುತ್ತವೆ ಅಂತ ಕಂಪನಿಗಳು ಹೇಳುತ್ತವೆ, ಫೋಟೋಗೆ 3 ಕಿಲೋ ಅಂತ ಹಿಡಿದರೆ ನೆಮ್ಮದಿ. ಹಳೆಯ ಮಾದರಿಗಳಲ್ಲಿ ಒಂದೇ ಅಕ್ಷ ತಿರುಗುತ್ತದೆ, ವಸ್ತುವನ್ನು ನೀವೇ ಹುಡುಕಿ ಚೌಕಟ್ಟಿಗೆ ತರಬೇಕು. ಸ್ಟಾರ್ ಅಡ್ವೆಂಚರರ್ ಜಿಟಿಐ ಎರಡೂ ಅಕ್ಷ ತಿರುಗಿಸುತ್ತದೆ, ಹೇಳಿದ ಕಡೆ ತಾನೇ ಹೋಗುತ್ತದೆ. ಇವೆರಡರ ನಡುವೆ ಆಯ್ಕೆ ಇದ್ದರೆ ಜಿಟಿಐ ಮಾದರಿಯನ್ನೇ ತಗೊಳ್ಳಿ ಅಂತ ಒತ್ತಿ ಹೇಳುತ್ತೇನೆ. ಮಸುಕಾದ ಗ್ಯಾಲಕ್ಸಿಯೊಂದನ್ನು ಕೈಯಲ್ಲಿ ಹುಡುಕುತ್ತಾ ಮುಕ್ಕಾಲು ಗಂಟೆ ಹೋದರೆ, ಅದು ಚಿತ್ರಕ್ಕೆ ಸೇರಬೇಕಾದ ಮುಕ್ಕಾಲು ಗಂಟೆ.

ಎರಡನೆಯದು ಸಾಂಪ್ರದಾಯಿಕ ಇಕ್ವಟೋರಿಯಲ್ ಮೌಂಟ್, ಮುಖ್ಯ ಅಕ್ಷವನ್ನು ಧ್ರುವ ನಕ್ಷತ್ರದ ಕಡೆ ನೆಟ್ಟು ನಕ್ಷತ್ರಗಳ ಜೊತೆ ತಿರುಗುವಂಥದ್ದು. ಎಚ್‌ಇಕ್ಯೂ5, ಇಕ್ಯೂ6-ಆರ್ ಇಂಥವು. ಇಕ್ಯೂ6-ಆರ್ 20 ಕಿಲೋ ಹೊರುತ್ತದೆ, ಆದರೆ ಅದರ ತಲೆಯೇ 17 ಕಿಲೋ ದಾಟುತ್ತದೆ. ಟ್ರೈಪಾಡ್, ಟೆಲಿಸ್ಕೋಪಿಗೆ ಸಮತೂಕ ಕೊಡುವ ಕೌಂಟರ್‌ವೇಟ್ ಬೇರೆ. ಮನೆಯ ತಾರಸಿಯಲ್ಲಿ ಕಾಯಂ ಕಂಬ ಹಾಕಿ ಕೂರಿಸುವವರಿಗೆ ಇದರಷ್ಟು ನಂಬಿಕಸ್ಥ ಸಾಧನ ಇನ್ನೊಂದಿಲ್ಲ. ಪ್ರತಿ ಸಲ ಬಿಚ್ಚಿ ಕಟ್ಟುವವರು ಸ್ವಲ್ಪ ಯೋಚಿಸಿ.

ಇಲ್ಲಿ ನಮ್ಮ ಅಕ್ಷಾಂಶದ ವಿಷಯ ಬರುತ್ತದೆ. ಯುರೋಪ್, ಅಮೆರಿಕದವರು ಬರೆದ ಮಾರ್ಗದರ್ಶಿಗಳಲ್ಲಿ ಇದು ಸಿಗುವುದೇ ಇಲ್ಲ. ಬೆಂಗಳೂರು, ಮಂಗಳೂರುಗಳಲ್ಲಿ ಧ್ರುವ ನಕ್ಷತ್ರ ಕ್ಷಿತಿಜದಿಂದ ಬರೀ 13 ಡಿಗ್ರಿ ಮೇಲಿದೆ. ಬೀದರ್‌ನಲ್ಲಿ ಸುಮಾರು 18. ಅಂದರೆ ಮೌಂಟಿನ ಮುಖ್ಯ ಅಕ್ಷವನ್ನು ಬಹುತೇಕ ಅಡ್ಡ ಮಲಗಿಸಬೇಕು. ಎಷ್ಟೋ ಮೌಂಟುಗಳು 10 ಡಿಗ್ರಿಗಿಂತ ಕೆಳಗೆ ಇಳಿಯುವುದೇ ಇಲ್ಲ, ಕೆಲವು ಅಗ್ಗದವು 15, 20 ಡಿಗ್ರಿಗೇ ನಿಲ್ಲುತ್ತವೆ. ಕೊಳ್ಳುವ ಮೊದಲು ಈ ಅಂಕಿಯನ್ನು ಕೇಳಿ. ಅಕ್ಷ ಇಷ್ಟು ಮಲಗಿದಾಗ ಕೌಂಟರ್‌ವೇಟಿನ ಸರಳು ಉತ್ತರ ದಿಕ್ಕಿಗೆ ನಿಂತ ಟ್ರೈಪಾಡ್ ಕಾಲಿನ ಹತ್ತಿರ ಬರುತ್ತದೆ. ರಾತ್ರಿ ಎರಡು ಗಂಟೆಗೆ ಮೌಂಟ್ ತಾನಾಗಿ ತಿರುಗುವಾಗ ತೂಕ ಕಾಲಿಗೆ ಹೋಗಿ ತಾಗುತ್ತದೆ, ಮೋಟಾರ್ ಗರಗರ ಅನ್ನುತ್ತದೆ, ಅಲ್ಲಿಂದ ಮುಂದಿನ ಫ್ರೇಮುಗಳೆಲ್ಲ ದಂಡ. ಇದಕ್ಕೆ ಪರಿಹಾರ ಎರಡು. ಟ್ರೈಪಾಡ್ ಮತ್ತು ತಲೆಯ ನಡುವೆ ಎತ್ತರಿಸುವ ಕಂಬ ಹಾಕುವುದು ಒಂದು. ಸಾಧ್ಯವಿರುವ ಟ್ರೈಪಾಡುಗಳಲ್ಲಿ ಮೇಲಿನ ಗೂಟವನ್ನು ಬದಲಿಸಿ, ಎರಡು ಕಾಲುಗಳ ನಡುವಿನ ಸಂದು ಉತ್ತರಕ್ಕೆ ಬರುವಂತೆ ನಿಲ್ಲಿಸುವುದು ಇನ್ನೊಂದು. ಮೊದಲ ದಿನ ಹಗಲಿನಲ್ಲೇ ಮೌಂಟನ್ನು ಎಲ್ಲ ದಿಕ್ಕಿಗೂ ತಿರುಗಿಸಿ ಎಲ್ಲಿ ತಾಗುತ್ತದೆ ಅಂತ ನೋಡಿಕೊಳ್ಳಿ.

ಧ್ರುವ ನಕ್ಷತ್ರ ಅಷ್ಟು ಕೆಳಗಿರುವುದರಿಂದ ಪಕ್ಕದ ಮನೆಯ ನೀರಿನ ಟ್ಯಾಂಕೇ ಅದನ್ನು ಮರೆಮಾಡಿಬಿಡುತ್ತದೆ, ಅಲ್ವಾ? ಅದು ಕಾಣದೆ ಪೋಲಾರ್ ಅಲೈನ್‌ಮೆಂಟ್, ಅಂದರೆ ಅಕ್ಷವನ್ನು ಆಕಾಶದ ಧ್ರುವಕ್ಕೆ ನೇರ ಮಾಡುವುದು, ಹೇಗೆ? ಈಗ ದಾರಿ ಇದೆ. ಉಚಿತವಾಗಿ ಸಿಗುವ ನಿನಾ ತಂತ್ರಾಂಶದ ಮೂರು ಬಿಂದುಗಳ ಅಲೈನ್‌ಮೆಂಟ್ ಪ್ಲಗಿನ್ ಆಕಾಶದ ಯಾವುದೋ ಮೂರು ಕಡೆ ಫೋಟೋ ತೆಗೆದು, ನಕ್ಷತ್ರಗಳನ್ನು ಗುರುತಿಸಿ, ಅಕ್ಷ ಎಷ್ಟು ತಪ್ಪಿದೆ ಅಂತ ಹೇಳಿಬಿಡುತ್ತದೆ. ಸಾಮಾನುಗಳನ್ನೆಲ್ಲ ಫೋನಿನಿಂದ ನಡೆಸುವ ಎಎಸ್‌ಐಏರ್ ಪೆಟ್ಟಿಗೆಯಲ್ಲೂ ಇಂಥದ್ದೇ ಸೌಲಭ್ಯ ಇದೆ. ಇದು ತಾನಾಗಿ, ಸರಾಗವಾಗಿ ನಡೆಯಬೇಕಾದರೆ ಕಂಪ್ಯೂಟರ್ ಹೇಳಿದ ಕಡೆ ಮೌಂಟ್ ತಿರುಗಬೇಕು. ಟ್ರ್ಯಾಕರ್ ಕೊಳ್ಳುವಾಗ ಎರಡು ಅಕ್ಷದ್ದನ್ನೇ ಆರಿಸಿ ಅನ್ನುವುದಕ್ಕೆ ಇದು ಇನ್ನೊಂದು ಕಾರಣ.

ಮೂರನೆಯದು ಹಾರ್ಮೋನಿಕ್ ಡ್ರೈವ್ ಮೌಂಟ್, ಸಣ್ಣದಾದರೂ ಬಲವಾದ ವಿಶೇಷ ಗೇರಿನದು. ಝಡ್‌ಡಬ್ಲ್ಯೂಒ ಎಎಂ5 ತಲೆ 5 ಕಿಲೋ, ಕೌಂಟರ್‌ವೇಟ್ ಇಲ್ಲದೆ 13 ಕಿಲೋ ಹೊರುತ್ತದೆ. ತೂಕದ ಸರಳೇ ಇಲ್ಲದ ಮೇಲೆ ಟ್ರೈಪಾಡ್ ಕಾಲಿಗೆ ತಾಗುವ ಪ್ರಶ್ನೆಯೂ ಇಲ್ಲ, ಹಾಗಾಗಿ ನಮ್ಮ ಅಕ್ಷಾಂಶಕ್ಕೆ ಇದು ಚೆನ್ನಾಗಿ ಒಗ್ಗುತ್ತದೆ. ಕೊರತೆಗಳೂ ಇವೆ. ಗೇರಿನ ಏರುಪೇರು ಒಳ್ಳೆಯ ಸಾಂಪ್ರದಾಯಿಕ ಮೌಂಟಿಗಿಂತ ಜಾಸ್ತಿ, ಆದ್ದರಿಂದ ಗೈಡಿಂಗ್ (ಇನ್ನೊಂದು ಸಣ್ಣ ಕ್ಯಾಮೆರಾ ನಕ್ಷತ್ರವೊಂದನ್ನು ನೋಡುತ್ತಾ ಮೌಂಟನ್ನು ತಿದ್ದುತ್ತಿರುವುದು) ಇಲ್ಲದೆ ಬಳಸುವ ಹಾಗಿಲ್ಲ. ಹಗುರ ಟ್ರೈಪಾಡಿನ ಮೇಲೆ ಭಾರದ ಟೆಲಿಸ್ಕೋಪ್ ಒಂದೇ ಕಡೆ ಚಾಚಿಕೊಂಡಾಗ ಮಗುಚುವ ಭಯವೂ ಇದೆ. ಟ್ರೈಪಾಡ್ ನಡುವಿಗೆ ಕಲ್ಲಿನ ಚೀಲ ನೇತುಹಾಕಿ. ಬೆಲೆ ಇಕ್ಯೂ6-ಆರ್ ಮಟ್ಟದ್ದು, ಕೆಲವೊಮ್ಮೆ ಅದಕ್ಕೂ ಮೇಲೆ. ಆದರೂ ಕಾರಿನಲ್ಲಿ ಹೊತ್ತೊಯ್ಯುವವರು ಮತ್ತು ಸೊಂಟ ನೋವಿರುವವರು ದುಡ್ಡು ಇದ್ದರೆ ಇದನ್ನೇ ತಗೊಳ್ಳಿ. ಇಪ್ಪತ್ತು ನಿಮಿಷದಲ್ಲಿ ಕಟ್ಟಿ ಶುರುಮಾಡುವವರು ವಾರದ ದಿನವೂ ತೆಗೆಯುತ್ತಾರೆ, ಅದೇ ದೊಡ್ಡ ಲಾಭ.

ನಾಲ್ಕನೆಯದು ಸ್ಮಾರ್ಟ್ ಟೆಲಿಸ್ಕೋಪ್. ಸೀಸ್ಟಾರ್ ಎಸ್50, ಎಸ್30, ಡ್ವಾರ್ಫ್ 3 ಇವೆಲ್ಲ ಲೆನ್ಸ್, ಕ್ಯಾಮೆರಾ, ಮೌಂಟ್, ಕಂಪ್ಯೂಟರ್ ಒಂದೇ ಡಬ್ಬಿಯಲ್ಲಿ ಇರುವ ಸಾಧನಗಳು. ಹಳಬರಲ್ಲಿ ಕೆಲವರು ಇವನ್ನು ಆಟಿಕೆ ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ಎಸ್50 ಅಂದರೆ 50 ಮಿಮೀ ಲೆನ್ಸ್, 250 ಮಿಮೀ ಫೋಕಲ್ ಲೆಂತ್, ಒಟ್ಟು ತೂಕ ಎರಡೂವರೆ ಕಿಲೋ. ಅಂಗಳದಲ್ಲಿಟ್ಟು ಫೋನಿನಲ್ಲಿ ಹೆಸರು ಒತ್ತಿದರೆ ಐದು ನಿಮಿಷದಲ್ಲಿ ಫ್ರೇಮ್ ಕೂಡಿಸಲು ಶುರು. ಗಂಟೆಗಳ ಅಳತೆಯಲ್ಲಿ ಇದನ್ನು ಮೀರಿಸುವುದು ಕಷ್ಟ. ಮಿತಿ ಇರುವುದು ಬೇರೆ ಕಡೆ. ಸೆನ್ಸರ್ 2 ಮೆಗಾಪಿಕ್ಸೆಲ್ ಅಷ್ಟೇ. ಕಾಣುವ ಜಾಗ ಸುಮಾರು 0.7 ಡಿಗ್ರಿ ಅಗಲ, 1.3 ಡಿಗ್ರಿ ಉದ್ದ. ಆಂಡ್ರೊಮಿಡಾ ಗ್ಯಾಲಕ್ಸಿ 3 ಡಿಗ್ರಿ ಉದ್ದ ಇದೆ, ಒಂದೇ ಚೌಕಟ್ಟಿನಲ್ಲಿ ಹಿಡಿಸದು, ತುಂಡು ತುಂಡಾಗಿ ತೆಗೆದು ಜೋಡಿಸುವ ಮೊಸಾಯಿಕ್ ಮಾಡಬೇಕು. ದೊಡ್ಡದಾಗಿ ಮುದ್ರಿಸಿ ಗೋಡೆಗೆ ಹಾಕುವ ಆಸೆ ಇದ್ದರೆ ಇದು ಸಾಲದು.

ಇವುಗಳ ಬಗ್ಗೆ ಕೊಳ್ಳುವವರು ಕೇಳದ ಒಂದು ವಿಷಯ ಫೀಲ್ಡ್ ರೊಟೇಶನ್. ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ಮಾತ್ರ ತಿರುಗುವ ಸಾಧನದಲ್ಲಿ ನಕ್ಷತ್ರ ನಡುವಿನಲ್ಲೇ ಇದ್ದರೂ ಇಡೀ ಚೌಕಟ್ಟು ನಿಧಾನವಾಗಿ ಸುತ್ತುತ್ತದೆ. ವಸ್ತು ನೇರ ಪೂರ್ವ ಅಥವಾ ನೇರ ಪಶ್ಚಿಮದಲ್ಲಿದ್ದಾಗ ಈ ಸುತ್ತು ಸೊನ್ನೆ. ನೆತ್ತಿಯ ಹತ್ತಿರ ಬಂದಾಗ ವಿಪರೀತ. ಬೆಂಗಳೂರಿನಿಂದ ಎಂ42 ಪೂರ್ವದಲ್ಲಿ 45 ಡಿಗ್ರಿ ಏರಿದಾಗ ಚೌಕಟ್ಟು ಗಂಟೆಗೆ 8 ಡಿಗ್ರಿಯಷ್ಟು ಸುತ್ತುತ್ತದೆ. ಅದೇ ಎಂ42 ದಕ್ಷಿಣ ರೇಖೆ ದಾಟುವಾಗ ಸುಮಾರು 72 ಡಿಗ್ರಿ ಎತ್ತರದಲ್ಲಿರುತ್ತದೆ, ಆಗ ಗಂಟೆಗೆ ಸುಮಾರು 45 ಡಿಗ್ರಿ. ನಮ್ಮಲ್ಲಿ ನಕ್ಷತ್ರಗಳು ಬಹುಮಟ್ಟಿಗೆ ನೆಟ್ಟಗೆ ಮೇಲೇರುವುದರಿಂದ ಪೂರ್ವದಲ್ಲಿ ಮೂರು ಗಂಟೆ ಆರಾಮವಾಗಿ ತೆಗೆಯಬಹುದು. ಹಾಗಾಗಿ ಮೂಡುವಾಗಿನಿಂದಲೇ ಶುರುಮಾಡಿ, ನೆತ್ತಿಗೆ ಬಂದಾಗ ಬೇರೆ ವಸ್ತುವಿಗೆ ಹೋಗಿ, ಪಶ್ಚಿಮಕ್ಕೆ ಇಳಿಯುವಾಗ ಮತ್ತೆ ಹಿಡಿಯಿರಿ. ಸೀಸ್ಟಾರಿನಲ್ಲಿ ಈಗ ಇಕ್ವಟೋರಿಯಲ್ ಮೋಡ್ ಕೂಡ ಬಂದಿದೆ. ಬಾಗಿಸುವ ತಲೆಯಿರುವ ಟ್ರೈಪಾಡ್ ಇದ್ದರೆ ಅದನ್ನು ಬಳಸಿ, ಮೂಲೆಯ ನಕ್ಷತ್ರಗಳು ತಕ್ಷಣ ಸುಧಾರಿಸುತ್ತವೆ.

ಗಾಜು: ಉದ್ದ ಬೇಡ, ವೇಗ ಬೇಕು

ಒಂದು ಸೂತ್ರ ಬರೆದಿಟ್ಟುಕೊಳ್ಳಿ. ಕ್ಯಾಮೆರಾದ ಪಿಕ್ಸೆಲ್ ಅಳತೆಯನ್ನು ಮೈಕ್ರಾನಿನಲ್ಲಿ 206ರಿಂದ ಗುಣಿಸಿ, ಫೋಕಲ್ ಲೆಂತ್ ಮಿಲಿಮೀಟರಿನಿಂದ ಭಾಗಿಸಿ. ಒಂದು ಪಿಕ್ಸೆಲ್ ಆಕಾಶದ ಎಷ್ಟು ಆರ್ಕ್‌ಸೆಕೆಂಡ್ ನೋಡುತ್ತದೆ ಅಂತ ಸಿಗುತ್ತದೆ. 3.76 ಮೈಕ್ರಾನಿನ ಪಿಕ್ಸೆಲ್, 250 ಮಿಮೀ ಲೆನ್ಸ್ ಆದರೆ 3.1. ಅದೇ ಕ್ಯಾಮೆರಾವನ್ನು 8 ಇಂಚಿನ ಷ್ಮಿಟ್-ಕ್ಯಾಸೆಗ್ರೇನ್ ಟೆಲಿಸ್ಕೋಪಿನ ಹಿಂದೆ, 2032 ಮಿಮೀಗೆ, ಇಟ್ಟರೆ 0.38. ಗಾಳಿಯ ಅಲುಗಾಟವೇ ನಕ್ಷತ್ರವನ್ನು 2ರಿಂದ 4 ಆರ್ಕ್‌ಸೆಕೆಂಡಿಗೆ ಹರಡಿಬಿಡುತ್ತದೆ. ಹಾಗಿರುವಾಗ 0.38 ಕೇಳುವುದು ದಂಡ. ಮೌಂಟ್ ಅಷ್ಟು ನಿಖರವಾಗಿ ಓಡಬೇಕು, ಬೆಳಕು ಹಂಚಿಹೋಗುತ್ತದೆ, ಸಿಗುವ ವಿವರ ಏನೂ ಇಲ್ಲ. ಹೊಸಬರು 2ರಿಂದ 4ರ ನಡುವೆ ಇರಲಿ. ಮೌಂಟ್ ಪಳಗಿದ ಮೇಲೆ ಗ್ಯಾಲಕ್ಸಿಗಳಿಗಾಗಿ 1ಕ್ಕೆ ಇಳಿಯಬಹುದು.

ಈ ಲೆಕ್ಕದಲ್ಲಿ ನನ್ನ ಮೊದಲ ಆಯ್ಕೆ ಟೆಲಿಸ್ಕೋಪೇ ಅಲ್ಲ. ಸಮ್ಯಾಂಗ್ 135 ಮಿಮೀ ಎಫ್/2 ಲೆನ್ಸ್. ಎಫ್ ಅಂಕಿ ಸಣ್ಣದಾದಷ್ಟೂ ಲೆನ್ಸ್ ವೇಗದ್ದು, ಅಂದರೆ ಬೆಳಕು ಜಾಸ್ತಿ. ತೂಕ 800 ಗ್ರಾಂ ಆಸುಪಾಸು, ಸಣ್ಣ ಟ್ರ್ಯಾಕರಿಗೂ ಹೊರೆಯಲ್ಲ. ಎಫ್/2ರಲ್ಲಿ ಎಫ್/5ಕ್ಕಿಂತ 6 ಪಟ್ಟು ಬೆಳಕು ಪ್ರತಿ ಪಿಕ್ಸೆಲ್ಲಿಗೆ ಬೀಳುತ್ತದೆ, ಅಂದರೆ ನಿಮ್ಮ ಒಂದು ಗಂಟೆ ಆರು ಗಂಟೆಯ ಕೆಲಸ ಮಾಡುತ್ತದೆ. ಎಪಿಎಸ್-ಸಿ (ಸಾಮಾನ್ಯ ಡಿಎಸ್‌ಎಲ್‌ಆರ್ ಅಳತೆಯ ಸೆನ್ಸರಿನ) ಕ್ಯಾಮೆರಾದಲ್ಲಿ 9ರಿಂದ 10 ಡಿಗ್ರಿ ಅಗಲ ಕಾಣುತ್ತದೆ. ಮಹಾವ್ಯಾಧನ ನಡುಪಟ್ಟಿ, ಕುದುರೆ ತಲೆ, ಎಂ42 ಮೂರೂ ಒಂದೇ ಚೌಕಟ್ಟಿನಲ್ಲಿ. ಏಪ್ರಿಲ್ ಕೊನೆಯಲ್ಲಿ ರಾತ್ರಿ ಎರಡರ ಹೊತ್ತಿಗೆ ಜ್ಯೇಷ್ಠಾ ನಕ್ಷತ್ರದ ಸುತ್ತಲಿನ ಹಳದಿ, ನೀಲಿ ಮೋಡಗಳು, ಅದೂ 50 ಡಿಗ್ರಿ ಎತ್ತರದಲ್ಲಿ. ಉತ್ತರ ಯುರೋಪಿನವರಿಗೆ ಅದು ಕ್ಷಿತಿಜದ ಮಬ್ಬಿನಲ್ಲಿ ಉಜ್ಜಿಕೊಂಡು ಹೋಗುತ್ತದೆ.

ಇದರ ನಂತರದ ಮೆಟ್ಟಿಲು 60ರಿಂದ 80 ಮಿಮೀ ಎಪಿಒ ರಿಫ್ರ್ಯಾಕ್ಟರ್, ಅಂದರೆ ಬಣ್ಣ ಚದುರದಂತೆ ಮಾಡಿದ ಲೆನ್ಸಿನ ಟೆಲಿಸ್ಕೋಪ್. ಫೀಲ್ಡ್ ಫ್ಲ್ಯಾಟ್ನರ್ ಜೊತೆಗೇ ಬರುತ್ತದಾ ಅಂತ ಕೇಳಿ, ಇಲ್ಲದಿದ್ದರೆ ಮೂಲೆಯ ನಕ್ಷತ್ರಗಳು ಎಳೆದ ಹಾಗೆ ಕಾಣುತ್ತವೆ. ಕನ್ನಡಿಯ ಟೆಲಿಸ್ಕೋಪಾದ 6 ಇಂಚಿನ ಎಫ್/5 ನ್ಯೂಟೋನಿಯನ್ ಕೊಟ್ಟ ದುಡ್ಡಿಗೆ ಬೆಳಕು ಜಾಸ್ತಿ ಕೊಡುತ್ತದೆ, ಗ್ಯಾಲಕ್ಸಿಗಳಿಗೆ ಬಹಳ ಒಳ್ಳೆಯದು. ಆದರೆ ಪ್ರತಿ ಪ್ರಯಾಣದ ನಂತರ ಕನ್ನಡಿ ಹೊಂದಿಸಬೇಕು, ಮೂಲೆಯ ನಕ್ಷತ್ರಗಳನ್ನು ಸರಿಪಡಿಸುವ ಕೋಮಾ ಕರೆಕ್ಟರ್ ಬೇಕು, ಬಯಲು ಗಾಳಿಗೆ ಕೊಳವೆ ಅಲ್ಲಾಡುತ್ತದೆ. ತಾರಸಿಯ ಕಾಯಂ ಮೌಂಟಿಗೆ ಸರಿ, ಬಸ್ಸಿಗೆ ಅಲ್ಲ.

ಕ್ಯಾಮೆರಾ

ಮನೆಯಲ್ಲಿ ಹಳೆಯ ಡಿಎಸ್‌ಎಲ್‌ಆರ್ ಇದ್ದರೆ ಅದರಲ್ಲೇ ಶುರುಮಾಡಿ. ಅದರ ಒಂದು ದೊಡ್ಡ ಕೊರತೆ ಗೊತ್ತಿರಲಿ. ನೀಹಾರಿಕೆಗಳ ಕೆಂಪು ಹೈಡ್ರೋಜನ್ ಬೆಳಕು 656 ನ್ಯಾನೋಮೀಟರಿನದು. ಸೆನ್ಸರ್ ಮುಂದಿನ ಕಾರ್ಖಾನೆಯ ಫಿಲ್ಟರ್ ಅದರಲ್ಲಿ ಸುಮಾರು ಕಾಲು ಭಾಗ ಮಾತ್ರ ಒಳಗೆ ಬಿಡುತ್ತದೆ. ಫಿಲ್ಟರ್ ತೆಗೆಸಿದ ಸೆಕೆಂಡ್‌ಹ್ಯಾಂಡ್ ಬಾಡಿ ಸಿಕ್ಕರೆ ಕಡಿಮೆ ದುಡ್ಡಿಗೆ ದೊಡ್ಡ ಲಾಭ. ಗ್ಯಾಲಕ್ಸಿ, ನಕ್ಷತ್ರ ಗುಚ್ಛಗಳಿಗೆ ಹಾಗೇ ಇದ್ದರೂ ನಡೆಯುತ್ತದೆ.

ತಂಪು ಮಾಡುವ ಕ್ಯಾಮೆರಾ ನಮಗೆ ಚಳಿ ದೇಶದವರಿಗಿಂತ ಜಾಸ್ತಿ ಬೇಕು. ಸೆನ್ಸರಿನ ಶಾಖದ ನಾಯ್ಸಿಗೆ ಕಾರಣವಾಗುವ ಡಾರ್ಕ್ ಕರೆಂಟ್ ಸುಮಾರು ಪ್ರತಿ 6 ಡಿಗ್ರಿ ಸೆಲ್ಸಿಯಸ್ಸಿಗೆ ಎರಡು ಪಟ್ಟಾಗುತ್ತದೆ. ಏಪ್ರಿಲ್‌ನಲ್ಲಿ ಕಲಬುರಗಿಯ ರಾತ್ರಿ 27 ಡಿಗ್ರಿ ಇದ್ದರೆ, ಒಂದೇ ಸಮ ತೆಗೆಯುವ ಡಿಎಸ್‌ಎಲ್‌ಆರ್ ಒಳಗೆ ಇನ್ನೂ ಬಿಸಿ. ತಂಪು ಕ್ಯಾಮೆರಾಗಳು ಹೊರಗಿನ ಬಿಸಿಗಿಂತ ಸುಮಾರು 35 ಡಿಗ್ರಿ ಕೆಳಗೆ ಇಳಿಸುತ್ತವೆ. ಸೋನಿಯ ಐಎಂಎಕ್ಸ್533 ಸೆನ್ಸರಿನ 9 ಮೆಗಾಪಿಕ್ಸೆಲ್ ಚೌಕ ಕ್ಯಾಮೆರಾ ಮೊದಲ ತಂಪು ಕ್ಯಾಮೆರಾ ಆಗಲು ಯೋಗ್ಯ, ಮೂಲೆಯ ಹೊಳಪಿನ ತೊಂದರೆ ಅದರಲ್ಲಿ ಇಲ್ಲ. ದೊಡ್ಡ ಚೌಕಟ್ಟು ಬೇಕಾದರೆ ಐಎಂಎಕ್ಸ್571, 26 ಮೆಗಾಪಿಕ್ಸೆಲ್. ಎರಡರ ಪಿಕ್ಸೆಲ್ಲೂ 3.76 ಮೈಕ್ರಾನ್, ವಿವರದಲ್ಲಿ ವ್ಯತ್ಯಾಸ ಇಲ್ಲ, ಕಾಣುವ ಜಾಗ ಮಾತ್ರ ಬೇರೆ. ಮೊನೊ (ಕಪ್ಪು-ಬಿಳುಪು) ಕ್ಯಾಮೆರಾ ಹೆಚ್ಚು ಸೂಕ್ಷ್ಮ, ನಿಜ. ಆದರೆ ಒಂದೊಂದು ಫಿಲ್ಟರಿಗೂ ಬೇರೆ ಬೇರೆ ಗಂಟೆ ಕೊಡಬೇಕು. ಮೋಡದ ನಡುವೆ ಎರಡು ಗಂಟೆ ಸಿಕ್ಕ ರಾತ್ರಿ ಕೆಂಪು ಮುಗಿದು ನೀಲಿ ಉಳಿದುಬಿಡುತ್ತದೆ. ಕಾಯಂ ತಾರಸಿ ಇಲ್ಲದವರು ಕಲರ್ ಕ್ಯಾಮೆರಾ ತಗೊಳ್ಳಿ.

ಫಿಲ್ಟರೋ, ಪೆಟ್ರೋಲೋ?

ಹೈಡ್ರೋಜನ್ ಮತ್ತು ಆಮ್ಲಜನಕದ ಬೆಳಕನ್ನು ಮಾತ್ರ ಒಳಗೆ ಬಿಡುವ ಡ್ಯುಯಲ್ ಬ್ಯಾಂಡ್ ಫಿಲ್ಟರ್ ನಗರದವರಿಗೆ ದೊಡ್ಡ ವರ. ರೋಸೆಟ್, ಲಗೂನ್, ನಾರ್ತ್ ಅಮೆರಿಕ ಮುಂತಾದ ಹೊಳೆಯುವ ಅನಿಲದ ನೀಹಾರಿಕೆಗಳನ್ನು ಬೆಂಗಳೂರಿನ ತಾರಸಿಯಿಂದಲೇ ತೆಗೆಯಬಹುದು. ರೋಸೆಟ್ ಅಂತೂ ನಮ್ಮ ನೆತ್ತಿಯ ಹತ್ತಿರವೇ ಹಾದುಹೋಗುತ್ತದೆ.

ಆದರೆ ಗ್ಯಾಲಕ್ಸಿ, ನಕ್ಷತ್ರ ಗುಚ್ಛ, ಕೃತ್ತಿಕೆಯ ಸುತ್ತಲಿನ ನೀಲಿ ಧೂಳು, ಇವೆಲ್ಲ ಎಲ್ಲ ಬಣ್ಣದಲ್ಲೂ ಬೆಳಗುತ್ತವೆ. ಅವಕ್ಕೆ ಈ ಫಿಲ್ಟರ್ ಹಾಕಿದರೆ ಬೇಕಾದ ಬೆಳಕೇ ಹೋಗುತ್ತದೆ. ಹಳೆಯ ಸೋಡಿಯಂ ದೀಪಗಳ ಕಾಲಕ್ಕೆ ಮಾಡಿದ ಅಗಲ ಪಟ್ಟಿಯ ಫಿಲ್ಟರುಗಳು ಎಲ್‌ಇಡಿ ಬೀದಿದೀಪಗಳ ಮುಂದೆ ಹೆಚ್ಚು ಕೆಲಸ ಮಾಡುವುದಿಲ್ಲ, ಏಕೆಂದರೆ ಬಿಳಿ ಎಲ್‌ಇಡಿಯ ಬೆಳಕೂ ಎಲ್ಲ ಬಣ್ಣದಲ್ಲಿದೆ. ಈ ವಸ್ತುಗಳಿಗೆ ಆ ದುಡ್ಡನ್ನು ಪೆಟ್ರೋಲಿಗೆ ಹಾಕಿ ಕತ್ತಲೆಗೆ ಹೋಗುವುದೇ ಸರಿ. 16 ಪಟ್ಟಿನ ಲೆಕ್ಕ ನೆನಪಿದೆಯಲ್ಲ.

ಕತ್ತಲೆ ಹುಡುಕುವಾಗ ದಕ್ಷಿಣ ದಿಕ್ಕು ತೆರೆದಿರುವ ಜಾಗ ನೋಡಿ. ಊರಿನ ಬೆಳಕು ನಿಮ್ಮ ಉತ್ತರಕ್ಕಿರಲಿ. ದಕ್ಷಿಣದ ಆಕಾಶ ನಮ್ಮ ಆಸ್ತಿ. ತಮಿಳುನಾಡಿನ ಕಾವಲೂರಿನಲ್ಲಿ ವೀಕ್ಷಣಾಲಯ ಕಟ್ಟುವಾಗಲೂ ಸಮಭಾಜಕ ರೇಖೆಗೆ ಹತ್ತಿರ ಇದ್ದು ಎರಡೂ ಗೋಲಾರ್ಧ ಕಾಣುತ್ತದೆ ಅನ್ನುವುದು ಒಂದು ಕಾರಣವಾಗಿತ್ತು. ಅದನ್ನು ನಡೆಸುವುದು ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್. ಅದೇ ಸಂಸ್ಥೆಯ ಲಡಾಖಿನ ಹಾನ್ಲೆ 4,500 ಮೀಟರ್ ಎತ್ತರದಲ್ಲಿದೆ, ಅಲ್ಲಿನ ಕತ್ತಲೆಗೆ ಸಾಟಿ ಇಲ್ಲ. ಆದರೂ ಓಮೆಗಾ ಸೆಂಟಾರಿ ಗುಚ್ಛ ಅಲ್ಲಿ ಸುಮಾರು 10 ಡಿಗ್ರಿಗಷ್ಟೇ ಏರುತ್ತದೆ. ಬೆಂಗಳೂರಿನ ಅಕ್ಷಾಂಶದಲ್ಲಿ ಅದು 29 ಡಿಗ್ರಿ ಏರುತ್ತದೆ. ಎಟಾ ಕರೀನಾ ನೀಹಾರಿಕೆ 17 ಡಿಗ್ರಿ. ಲಂಡನ್ನಿನಲ್ಲಿ ಅದು ಹುಟ್ಟುವುದೇ ಇಲ್ಲ. ಯುಗಾದಿಯ ರಾತ್ರಿ ಊಟ ಮುಗಿಸಿ ದಕ್ಷಿಣಕ್ಕೆ ಕ್ಯಾಮೆರಾ ತಿರುಗಿಸಿದರೆ ಮೊದಲು ಕರೀನಾ, ನಡುರಾತ್ರಿ ದಾಟಿದ ಮೇಲೆ ಓಮೆಗಾ ಸೆಂಟಾರಿ. ಕರೀನಾ ಕೆಳಗೇ ಇರುವುದರಿಂದ ಎತ್ತರದ ಎರಡು ಗಂಟೆಯನ್ನು ಮಾತ್ರ ಬಳಸಿ, ಉಳಿದದ್ದು ಮಬ್ಬಿನಲ್ಲಿ ಹೋಗುತ್ತದೆ.

ಇದ್ದ ಸೆಟ್ಟಿನಿಂದಲೇ ಜಾಸ್ತಿ ಪಡೆಯುವುದು

ಹೊಸ ಸಾಮಾನು ಕೊಳ್ಳುವ ಮೊದಲು ಒಂದು ಫ್ರೇಮನ್ನು ನೂರಕ್ಕೆ ನೂರು ಹಿಗ್ಗಿಸಿ ನಾಲ್ಕು ಮೂಲೆ ಮತ್ತು ನಡುವನ್ನು ನೋಡಿ. ಎಲ್ಲ ಕಡೆ ನಕ್ಷತ್ರಗಳು ಒಂದೇ ದಿಕ್ಕಿಗೆ ಉದ್ದವಾಗಿದ್ದರೆ ಟ್ರ್ಯಾಕಿಂಗ್ ಅಥವಾ ಪೋಲಾರ್ ಅಲೈನ್‌ಮೆಂಟ್ ತಪ್ಪಿದೆ. ನಡುವಿನಲ್ಲಿ ದುಂಡಗಿದ್ದು ಮೂಲೆಗಳಲ್ಲಿ ಮಾತ್ರ ನಡುವಿನಿಂದ ಹೊರಕ್ಕೆ ಎಳೆದಂತಿದ್ದರೆ ಫ್ಲ್ಯಾಟ್ನರಿನ ದೂರ ಸರಿಯಿಲ್ಲ. ಒಂದೇ ಬದಿಯ ಮೂಲೆಗಳು ಹಾಳಾಗಿದ್ದರೆ ಕ್ಯಾಮೆರಾ ಓರೆ ಕೂತಿದೆ. ಎಲ್ಲ ನಕ್ಷತ್ರಗಳೂ ದುಂಡಗಿದ್ದು ದಪ್ಪಗಿದ್ದರೆ ಫೋಕಸ್, ಇಲ್ಲವೇ ಇಬ್ಬನಿ. ಇದನ್ನು ಓದಲು ಬಂದರೆ ಬೇಡದ ಖರೀದಿ ಅರ್ಧಕ್ಕರ್ಧ ನಿಲ್ಲುತ್ತದೆ.

ಇಬ್ಬನಿಯನ್ನು ಹಗುರವಾಗಿ ತಗೊಳ್ಳಬೇಡಿ. ಮಲೆನಾಡಿನಲ್ಲಿ, ಡಿಸೆಂಬರ್ ಬೆಂಗಳೂರಿನಲ್ಲೂ, ರಾತ್ರಿ ಹನ್ನೊಂದಕ್ಕೆಲ್ಲ ಲೆನ್ಸ್ ಮಂಜಾಗುತ್ತದೆ. ಅಗ್ಗದ ಹೀಟರ್ ಪಟ್ಟಿ ಮತ್ತು ಒಂದು ಪವರ್ ಬ್ಯಾಂಕ್ ಎಷ್ಟೋ ರಾತ್ರಿಗಳನ್ನು ಉಳಿಸುತ್ತವೆ. ಫೋಕಸ್ಸಿಗೆ ಲೆನ್ಸ್ ಮುಂದೆ ಇಡುವ, ಸೀಳುಗಳಿರುವ ಬಾಹ್ಟಿನೋವ್ ಮಾಸ್ಕ್ ಸಾಕು, ತಾಪ ಇಳಿದಂತೆ ಗಂಟೆಗೊಮ್ಮೆ ಮತ್ತೆ ನೋಡಿ.

ಗೈಡಿಂಗಿಗೆ ಸಣ್ಣ ಗೈಡ್‌ಸ್ಕೋಪ್, ಉಚಿತ ತಂತ್ರಾಂಶ ಪಿಎಚ್‌ಡಿ2 ಸಾಕು. ಗ್ರಾಫ್ ನೆಟ್ಟಗಿರಬೇಕು ಅಂತ ತಲೆಕೆಡಿಸಿಕೊಳ್ಳಬೇಡಿ. ಒಟ್ಟು ದೋಷ ನಿಮ್ಮ ಒಂದು ಪಿಕ್ಸೆಲ್ಲಿನ ಆರ್ಕ್‌ಸೆಕೆಂಡಿಗಿಂತ ಕಡಿಮೆ ಇದ್ದರೆ ಚಿತ್ರಕ್ಕೆ ತೊಂದರೆ ಇಲ್ಲ. ಗೈಡಿಂಗ್ ಇದ್ದರೆ ಡಿದರಿಂಗ್ ಕೂಡ ಆನ್ ಮಾಡಿ. ಪ್ರತಿ ಕೆಲವು ಫ್ರೇಮಿಗೊಮ್ಮೆ ಚೌಕಟ್ಟು ನಾಲ್ಕಾರು ಪಿಕ್ಸೆಲ್ ಸರಿದರೆ ಹಿನ್ನೆಲೆಯಲ್ಲಿ ಕಾಣುವ ಓರೆ ಗೀರುಗಳು ಮಾಯವಾಗುತ್ತವೆ.

ಎಕ್ಸ್‌ಪೋಶರ್ ಉದ್ದ ಮಾಡಿದಷ್ಟೂ ಒಳ್ಳೆಯದು ಅನ್ನುವುದು ಹಳೆಯ ಕ್ಯಾಮೆರಾಗಳ ಕಾಲದ ಮಾತು. ನಗರದಲ್ಲಿ ಎಫ್/5ಕ್ಕೆ 30ರಿಂದ 60 ಸೆಕೆಂಡ್ ಸಾಕು. ಡ್ಯುಯಲ್ ಬ್ಯಾಂಡ್ ಹಾಕಿದಾಗ 3ರಿಂದ 5 ನಿಮಿಷ. ಫ್ಲ್ಯಾಟ್ ಫ್ರೇಮುಗಳನ್ನು, ಅಂದರೆ ಸಮನಾದ ಬೆಳಕಿನ ಫೋಟೋಗಳನ್ನು, ಮಾತ್ರ ಬಿಡಲೇಬೇಡಿ. ಲೆನ್ಸ್ ಬಾಯಿಗೆ ಬಿಳಿ ಬಟ್ಟೆ ಬಿಗಿದು, ಅದೇ ಫೋಕಸ್ಸಿನಲ್ಲಿ, ಕ್ಯಾಮೆರಾ ಬಿಚ್ಚುವ ಮೊದಲೇ ಮೂವತ್ತು ತೆಗೆಯಿರಿ. ಧೂಳಿನ ಉಂಗುರ, ಮೂಲೆಯ ಕತ್ತಲೆ ಎರಡೂ ಹೋಗುತ್ತವೆ. ಕೂಡಿಸಲು ಸಿರಿಲ್, ಹಿನ್ನೆಲೆಯ ಏರಿಳಿತ ತೆಗೆಯಲು ಗ್ರ್ಯಾಕ್ಸ್‌ಪರ್ಟ್, ಎರಡೂ ಉಚಿತ. ಪಿಕ್ಸ್‌ಇನ್‌ಸೈಟ್ ಶಕ್ತಿಶಾಲಿ, ಆದರೆ ಮೊದಲ ವರ್ಷ ಆ ದುಡ್ಡನ್ನು ಮೌಂಟಿಗೆ ಸೇರಿಸಿ.

ಯಾರಿಗೆ ಯಾವುದು

ಅಪಾರ್ಟ್‌ಮೆಂಟಿನಲ್ಲಿದ್ದು ವಾರದ ದಿನ ಒಂದೆರಡು ಗಂಟೆ ಮಾತ್ರ ಸಿಗುವವರಿಗೆ, ಮಕ್ಕಳ ಜೊತೆ ನೋಡಬೇಕು ಅನ್ನುವವರಿಗೆ ಸ್ಮಾರ್ಟ್ ಟೆಲಿಸ್ಕೋಪ್. ಎರಡನೇ ಯೋಚನೆ ಬೇಡ. ಡಿಎಸ್‌ಎಲ್‌ಆರ್ ಈಗಾಗಲೇ ಇದ್ದು, ಊರಿಗೆ ಹೋಗಿ ಬರುವವರಿಗೆ ಎರಡು ಅಕ್ಷದ ಟ್ರ್ಯಾಕರ್ ಮತ್ತು 135 ಮಿಮೀ ಲೆನ್ಸ್. ನನಗೆ ಬಹಳ ಪ್ರೀತಿಯ ಜೋಡಿ ಇದು. ಸ್ವಂತ ತಾರಸಿ, ತೋಟದ ಮನೆ ಇರುವವರು ಇಕ್ಯೂ6-ಆರ್ ಮಟ್ಟದ್ದನ್ನು ಕಾಯಂ ಕೂರಿಸಿ, 6 ಇಂಚಿನ ನ್ಯೂಟೋನಿಯನ್ ಹಾಕಿ ಗ್ಯಾಲಕ್ಸಿಗಳ ಬೆನ್ನು ಹತ್ತಬಹುದು. ಕಾರು ಇದೆ, ದುಡ್ಡು ಇದೆ, ಸಮಯ ಇಲ್ಲ ಅನ್ನುವವರಿಗೆ ಹಾರ್ಮೋನಿಕ್ ಮೌಂಟ್, 70 ಮಿಮೀ ರಿಫ್ರ್ಯಾಕ್ಟರ್, 533 ಕ್ಯಾಮೆರಾ.

ಯಾವುದನ್ನೇ ಕೊಂಡರೂ ಮಳೆಗಾಲದಲ್ಲಿ ಹೇಗೆ ಇಡುತ್ತೀರಿ ಅಂತ ಮೊದಲೇ ಯೋಚಿಸಿ. ಕರಾವಳಿ, ಮಲೆನಾಡಿನಲ್ಲಿ ಬೂಷ್ಟು ಲೆನ್ಸುಗಳ ಶತ್ರು. ರಿಫ್ರ್ಯಾಕ್ಟರಿನ ಎರಡು ಗಾಜುಗಳ ನಡುವೆ ಬೂಷ್ಟು ಹಿಡಿದರೆ ತೆಗೆಯುವುದು ಪರಿಣತರ ಕೆಲಸ. ನ್ಯೂಟೋನಿಯನ್ ಕನ್ನಡಿಯನ್ನು ಬಿಚ್ಚಿ ಎಚ್ಚರದಿಂದ ತೊಳೆಯಬಹುದು, ಆ ಮಟ್ಟಿಗೆ ಅದೇ ವಾಸಿ. ಗಾಳಿಯಾಡದ ಡಬ್ಬ, ಸಿಲಿಕಾ ಜೆಲ್, ಒಳಗೊಂದು ತೇವಮಾಪಕ, ಮುಳ್ಳು 40ರಿಂದ 50ರ ನಡುವೆ ಇರಲಿ. ಫೋಮ್ ಇರುವ ಚೀಲದಲ್ಲಿ ಹಾಗೇ ಬಿಡಬೇಡಿ, ಫೋಮ್ ತೇವ ಹಿಡಿದಿಡುತ್ತದೆ. ತಂಪು ಕ್ಯಾಮೆರಾ ಇರುವವರು ಜುಲೈ ರಾತ್ರಿಗಳಲ್ಲಿ ಮುಚ್ಚಳ ಹಾಕಿ, ಮನೆಯೊಳಗೇ, ಸೊನ್ನೆ ಡಿಗ್ರಿಗೆ ಇಳಿಸಿ ಶಾಖದ ನಾಯ್ಸ್ ಕಳೆಯಲು ಬೇಕಾದ ಡಾರ್ಕ್ ಫ್ರೇಮುಗಳನ್ನು ವರ್ಷಕ್ಕಾಗುವಷ್ಟು ತೆಗೆದಿಟ್ಟುಕೊಳ್ಳಿ. ನವೆಂಬರ್‌ನಲ್ಲಿ ಆಕಾಶ ತೆರೆದಾಗ ಡಾರ್ಕ್‌ಗೆ ಹೋಗುತ್ತಿದ್ದ ಸಮಯವೂ ಚಿತ್ರಕ್ಕೇ ಸಿಗುತ್ತದೆ.